ಪಾಲುಗಾರಿಕೆ ಮತ್ತು ಕರ್ತೃತ್ವ: ಒಂದು ವಿಮರ್ಶೆ

ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ವರ್ಷಕ್ಕೊಮ್ಮೆ ತೈಲಾಭಿಷೇಕ ನಡೆಯುವ ಸಂಗತಿ ವಿದಿತವೇ ಆಗಿದೆ. ಜರಿಮಲೆಯ ಪಾಳೆಯಗಾರರ ಮನೆತನದ ಎಣ್ಣೆಯೊಡನೆ ಭಕ್ತರ ಎಣ್ಣೆಯೂ ಅಲ್ಲಿ ಸೇರುತ್ತದೆ. ಪಾಲುಗೊಳ್ಳುವವರು ಬಹುಜನ; ವಿಧಿಯನ್ನು ಗೊತ್ತುಮಾಡಿರುವುದು ಮಾತ್ರ ಸಂಪ್ರದಾಯ. ಪೂಜೆಗೆ ಇದು ಸಲ್ಲುತ್ತದೆ. ಅಭಿವೃದ್ಧಿಗೂ ಸಲ್ಲುವುದೇ ಎಂಬುದು ನಮ್ಮ ಪ್ರಶ್ನೆ.

ಜಾಗತಿಕ ಅಭಿವೃದ್ಧಿಯ ನೀತಿಯನ್ನು ಕುರಿತು ಡೇವಿಡ್ ಕ್ರಾಕರ್ ಅವರು 2008ರಲ್ಲಿ ಪ್ರಕಟಿಸಿದ ಗ್ರಂಥ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದೆ. ಅಮರ್ತ್ಯ ಸೇನರ ವಿಚಾರಸರಣಿಯನ್ನು ಮುಂದುವರಿಸಿ, ನೆರವು ಪಡೆಯುವ ಬಡವನೂ ತನ್ನ ಬಾಳಿಗೆ ತಾನೇ ಕರ್ತೃವಾಗಬೇಕೆಂದು ಅವರು ಪ್ರತಿಪಾದಿಸುತ್ತಾರೆ. ಜನರ ಪಾಲುಗಾರಿಕೆಯಲ್ಲಿ ಏಳು ಬಗೆಗಳನ್ನು ಗುರುತಿಸುತ್ತಾರೆ. ಹೆಸರಿಗೆ ಮಾತ್ರ ಸದಸ್ಯನಾಗುವುದು ತೀರ ಕೆಳಗಿನದು. ಕೂಡಿ ಕುಳಿತು, ಕಾರಣಗಳನ್ನು ಹೇಳಿ ಕೇಳಿ, ನಿರ್ಣಯಕ್ಕೆ ಬರುವುದು ಎಲ್ಲಕ್ಕೂ ಮೇಲಿನದು. ಪರರು ಗೊತ್ತುಮಾಡಿದ ಗುರಿಯನ್ನು ಜನರು ದುಡಿದು ಈಡೇರಿಸುವುದು ನಡುವಣ ಒಂದು ಬಗೆ. ಈ ವಿಂಗಡಣೆಯ ಬೆಲೆ ನಮ್ಮ ನಾಡಿನ ಎರಡು ನಿದರ್ಶನಗಳಿಂದ ತಿಳಿದೀತು.

1945ರಲ್ಲಿ ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ತುಂಗಭದ್ರಾ ಅಣೆಕಟ್ಟಿನ ಕಾರ್ಯವನ್ನು ಆರಂಭಿಸಿದಾಗ ದೇಶದಲ್ಲಿ ಸಾರ್ವತ್ರಿಕ ಮತಾಧಿಕಾರವಿರಲಿಲ್ಲ. ನಾರಾಯಣದೇವರಕೆರೆ ಜಲಾಶಯದಲ್ಲಿ ಮುಳುಗಿತು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಕೂಡ್ಲಿಗಿಯ ಎತ್ತರದ ಸೀಮೆಯ ಬಹುಭಾಗಕ್ಕೆ ಕಾಲುವೆಯ ನೀರು ಏರಲಿಲ್ಲ. ಅಣೆಕಟ್ಟಿನಿಂದಾದ ಲಾಭ ದೊಡ್ಡದೇ ಸರಿ. ನಷ್ಟವನ್ನು ಹೊತ್ತವರು ಆ ನಿರ್ಣಯಕ್ಕೆ ಕರ್ತೃಗಳಾಗಿರಲಿಲ್ಲ.

2002ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಕರ್ನಾಟಕದಲ್ಲಿ ಮೊದಲಾದ ಕೆರೆ ಪುನರುಜ್ಜೀವನ ಯೋಜನೆ ಬೇರೆ ದಾರಿಯನ್ನು ಹಿಡಿಯಿತು. ಜಲಸಂವರ್ಧನೆ ಯೋಜನಾ ಸಂಘ ಅದನ್ನು ನಿರ್ವಹಿಸಿತು. ಕೆರೆ ಬಳಕೆದಾರರ ಸಂಘಗಳು ಏರ್ಪಟ್ಟವು. ವೆಚ್ಚದ ಒಂದು ಪಾಲು ಊರವರದಾಯಿತು. ಆದರೆ ಆ ಹೊತ್ತಿಗೆ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ಒಂಬತ್ತು ವರ್ಷಗಳಾಗಿದ್ದವು. ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಸಣ್ಣ ನೀರಾವರಿಯೂ ಒಂದು. ಜನರೇ ಚುನಾಯಿಸಿದ ಸಂಸ್ಥೆಯ ಪಕ್ಕದಲ್ಲಿ ಇನ್ನೊಂದನ್ನು ಕಟ್ಟುವುದರಿಂದ ಜನರ ಕರ್ತೃತ್ವ ಬೆಳೆಯುವುದೇ ಎಂದು ಶಂಕಿಸಬೇಕಾಗುತ್ತದೆ.

ಇಲ್ಲಿಯೇ ಕ್ರಾಕರ್ ಅವರ ವಿಂಗಡಣೆಯ ಕೊರತೆ ನಮಗೆ ಕಾಣುತ್ತದೆ. ಪಾಲುಗಾರಿಕೆಯ ವ್ಯಾಪ್ತಿಯನ್ನು ಅವರು ಮರೆತಿಲ್ಲ. ಆದರೂ ಏಳು ಬಗೆಗಳು ಅದರ ಆಳವನ್ನಷ್ಟೇ ಅಳೆಯುತ್ತವೆ. ಅಚ್ಚುಕಟ್ಟಿನ ಒಡೆಯರು ಸೇರಿ ನ್ಯಾಯವಾಗಿಯೇ ಸಮಾಲೋಚಿಸಬಹುದು. ಅದೇ ಕೆರೆಯನ್ನು ನಂಬಿದ ಕುರಿಗಾಹಿ, ಮಡಿವಾಳ, ಭೂಮಿಯಿಲ್ಲದ ಕೂಲಿಕಾರ ಆ ಸಭೆಯ ಹೊರಗೆ ಉಳಿದರೆ, ಏಳನೆಯ ಮೆಟ್ಟಿಲನ್ನು ಏರಿದರೂ ಅದು ಕೆಲವರ ಕರ್ತೃತ್ವವೇ ಆದೀತು. ಪ್ರತಿಯೊಬ್ಬ ಮತದಾರನೂ ಸದಸ್ಯನಾಗಿರುವ ಗ್ರಾಮಸಭೆಗೆ ಈ ದೋಷವಿಲ್ಲ. ಅದರ ದೋಷ, ಅನೇಕ ವೇಳೆ ಹೆಸರಿಗೆ ಮಾತ್ರ ನಡೆಯುವುದು. ಅದನ್ನು ಆಳವಾಗಿಸುವುದು, ಹೊಸ ಸಂಘಗಳನ್ನು ಕಟ್ಟುವುದಕ್ಕಿಂತ ಕಷ್ಟದ ಕೆಲಸ. ಪರದೇಶದ ನೆರವಾಗಲಿ ಸ್ವದೇಶದ ಯೋಜನೆಯಾಗಲಿ ಆ ಕಷ್ಟವನ್ನು ತಪ್ಪಿಸಿಕೊಳ್ಳಬಾರದೆಂಬುದು ನಮ್ಮ ಅಭಿಪ್ರಾಯ.