ಗಣಕಪಾಠಗಳಲ್ಲಿ ಚಿತ್ರವೂ ಹೆಸರೂ

ನೋಡಿಯೇ ಕಲಿಯತಕ್ಕ ವೈದ್ಯವಿಷಯಗಳಿಗಾಗಿ ರಚಿತವಾದ ಅನೇಕ ಗಣಕಪಾಠಗಳಲ್ಲಿ ಚಿತ್ರದೊಡನೆಯೇ ರೋಗದ ಹೆಸರನ್ನೂ ಕೊಟ್ಟಿರುತ್ತದೆ. ಇದು ದೋಷವೆಂದೇ ಹೇಳಬೇಕು. ಹೆಸರನ್ನು ಓದಿಕೊಂಡ ವಿದ್ಯಾರ್ಥಿಯು ಚಿತ್ರವನ್ನು ಪರಿಶೀಲಿಸುವ ಶ್ರಮವನ್ನು ವಹಿಸುವುದಿಲ್ಲ. ಯಶವಂತಪುರಕ್ಕೆ ಸಮೀಪವಾದ ರಾಜಾಜಿನಗರದ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯು ಈ ವಿಷಯದಲ್ಲಿ ಗಮನಾರ್ಹವಾಗಿದೆ. ಅದರಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟದ ಚಿತ್ರಗಳನ್ನು, ವೈದ್ಯರಲ್ಲದ ತಂತ್ರಜ್ಞರೇ ತೆಗೆದು, ಕೆಂಪು, ಕಿತ್ತಳೆ, ಹಸುರು ಎಂದು ವಿಂಗಡಿಸುವರು. ದೂರದಲ್ಲಿರುವ ತಜ್ಞರು ಅದೇ ಚಿತ್ರಗಳನ್ನು ನೋಡಿ ನಿರ್ಣಯಿಸುವರು. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಶಿಶುವು ಕುರುಡಾಗಬಹುದಾದ್ದರಿಂದ, ನೋಡುವವನಿಗೆ ಮೊದಲು ಬೇಕಾದುದು ವಿವೇಚನೆ; ಹೆಸರು ಆಮೇಲಿನದು. ಆದುದರಿಂದ ಗಣಕಪಾಠವೂ ಮೊದಲು ಚಿತ್ರವನ್ನಿಟ್ಟು, ಬಳಿಕ ವಿದ್ಯಾರ್ಥಿಯ ನಿರ್ಣಯವನ್ನು ಕೇಳಿ, ಕಡೆಗೆ ಹೆಸರನ್ನು ತಿಳಿಸುವುದು ಯುಕ್ತ. ರೋಗವಿಲ್ಲದ ಚಿತ್ರಗಳನ್ನೂ ನಡುನಡುವೆ ಸೇರಿಸುವುದು ಅವಶ್ಯಕ.