‘ತ್ಸಾವೋದ ನರಭಕ್ಷಕರು’: ಲೆಕ್ಕಕ್ಕೆ ಬಾರದ ಜನ

ಬೇಟೆಯ ಸಾಹಿತ್ಯ ಕನ್ನಡ ವಾಚಕರಿಗೆ ಹೊಸದಲ್ಲ. ಕೆನೆತ್ ಆಂಡರ್ಸನ್ನನ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲಂತೂ ‘ನರಭಕ್ಷಕ’ ಎಂಬುದು ನಮ್ಮಲ್ಲಿ ಮನೆಮಾತಾಗಿದೆ. ಈ ಪ್ರಕಾರದ ಹಿರಿಯ ಗ್ರಂಥಗಳಲ್ಲೊಂದು ಜೆ. ಎಚ್. ಪ್ಯಾಟರ್ಸನ್ನನು 1907ರಲ್ಲಿ ಪ್ರಕಟಿಸಿದ ‘ದಿ ಮ್ಯಾನ್-ಈಟರ್ಸ್ ಆಫ್ ತ್ಸಾವೋ’. ಇದನ್ನು ಸಾಹಸಕಥೆಯೆಂದು ಓದಿ ಮುಗಿಸುವುದೇ ವಾಡಿಕೆ. ಆದರೆ ಈ ಕಥೆಯಲ್ಲಿ ಸಿಂಹಗಳ ಬಾಯಿಗೆ ಬಿದ್ದವರಲ್ಲಿ ಅನೇಕರು ನಮ್ಮ ದೇಶದವರು. ಆದಕಾರಣ ಇದರ ಗುಣದೋಷಗಳನ್ನು ನಾವು ಮತ್ತೊಮ್ಮೆ ತೂಗಿ ನೋಡುವುದು ಉಚಿತ.

ವಸ್ತು ಸಂಕ್ಷೇಪವಾಗಿ ಹೀಗಿದೆ. ಮೊಂಬಾಸಾದಿಂದ ಒಳನಾಡಿಗೆ ರೈಲುಹಾದಿಯನ್ನು ಹಾಕುವ ಕೆಲಸ 1896ರಲ್ಲಿ ಮೊದಲಾಯಿತು. ಅದಕ್ಕಾಗಿ ಭಾರತದಿಂದ ಸುಮಾರು 32,000 ಮಂದಿ ಕರಾರಿನ ಮೇಲೆ ಹೋದರು, ಹೆಚ್ಚಿನವರು ಪಂಜಾಬಿನವರು. ಇವರಲ್ಲಿ ಸುಮಾರು 2,500 ಜನ ಅಲ್ಲಿಯೇ ಮಡಿದರು. ತ್ಸಾವೋ ನದಿಗೆ ಸೇತುವೆ ಕಟ್ಟಲು 1898ರ ಮಾರ್ಚಿಯಲ್ಲಿ ಬಂದ ಪ್ಯಾಟರ್ಸನ್ನನು ಕೇಸರವಿಲ್ಲದ ಎರಡು ಗಂಡು ಸಿಂಹಗಳ ಹಾವಳಿಯನ್ನು ಎದುರಿಸಿ, ಅದೇ ವರ್ಷದ ಡಿಸೆಂಬರ್ 9 ಮತ್ತು 29ರಂದು ಅವುಗಳನ್ನು ಕೊಂದನು.

ಕಥನಶಕ್ತಿಯ ದೃಷ್ಟಿಯಿಂದ ಗ್ರಂಥದ ಮೊದಲ ಭಾಗ ನಿಸ್ಸಂದೇಹವಾಗಿ ಉತ್ತಮವಾದುದು. ಮಾತು ಸರಳ; ಅಲಂಕಾರದ ಆಸೆ ಇಲ್ಲ. ಅಲುಗಾಡುವ ಅಟ್ಟಣೆಯ ಮೇಲೆ ಒಬ್ಬನೇ ಕುಳಿತಿರುವಾಗ ಸಿಂಹವೇ ತನಗಾಗಿ ಹೊಂಚುಹಾಕಿ ಸುತ್ತುತ್ತಿದೆಯೆಂದು ಅರಿತ ರಾತ್ರಿಯ ವರ್ಣನೆಯಲ್ಲಿ ಲೇಖಕನು ತನ್ನ ಭಯವನ್ನು ಮುಚ್ಚಿಡುವುದಿಲ್ಲ. ನಮ್ಮ ಗುಗ್ಗುಳದ ಕುಲಕ್ಕೆ ಸೇರಿದ ಗಿಡಗಳೂ ಮುಳ್ಳುಪೊದೆಗಳೂ ಹೆಣೆದುಕೊಂಡು, ಮಳೆಯಿಲ್ಲದ ತಿಂಗಳುಗಳಲ್ಲಿ ಎಲೆಯುದುರಿ ಬೂದಿಬಣ್ಣಕ್ಕೆ ತಿರುಗುವ ಆ ಒಣನಾಡು ಅವನ ಬರಹದಲ್ಲಿ ಕಣ್ಣಿಗೆ ಕಟ್ಟುತ್ತದೆ. ಸಿಂಹಗಳು ಸತ್ತ ಮೇಲೆ ಗ್ರಂಥ ಸಡಿಲವಾಗುತ್ತದೆ. ಉಳಿದ ಅಧ್ಯಾಯಗಳು ಬಹುಮಟ್ಟಿಗೆ ಬೇಟೆಯ ದಿನಚರಿ.

ಗ್ರಂಥದ ನಿಜವಾದ ಕೊರತೆ ಬೇರೆಡೆಯಿದೆ. ಮೊದಲ ಸಿಂಹದ ಉದ್ದ 9 ಅಡಿ 8 ಅಂಗುಲ, ಎರಡನೆಯದು 9 ಅಡಿ 6 ಅಂಗುಲ ಎಂದು ಅಳೆದು ಬರೆದ ಲೇಖಕನು ಸತ್ತ ಮನುಷ್ಯರ ಲೆಕ್ಕವನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾನೆ: ಭಾರತೀಯ ಕೂಲಿಗಳು 28, ಆಫ್ರಿಕನರು ಅನೇಕರು, ಅವರ ದಾಖಲೆಯನ್ನು ಇಡಲಿಲ್ಲ. ಭಾರತೀಯರು ಸಂಬಳದ ಪಟ್ಟಿಯಲ್ಲಿದ್ದರು. ಆದುದರಿಂದ ಎಣಿಕೆಗೆ ಸಿಕ್ಕಿದರು. ಆ ನೆಲದವರೇ ಆದವರಿಗೆ ಪಟ್ಟಿಯೂ ಇರಲಿಲ್ಲ, ಎಣಿಕೆಯೂ ಇಲ್ಲ. ಮುಂದೆ 1925ರಲ್ಲಿ ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯಕ್ಕಾಗಿ ಬರೆದ ಕಿರುಹೊತ್ತಗೆಯಲ್ಲಿ ಒಟ್ಟು ಸಂಖ್ಯೆ 135ಕ್ಕೆ ಏರಿತು. ಖಾತೆ ಬರೆದು ಬದುಕುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಆರಂಭದಲ್ಲಿ ಬರೆಯದೆ ಬಿಟ್ಟ ಬಾಬನ್ನು ಕೊನೆಯಲ್ಲಿ ಊಹೆಯಿಂದ ತುಂಬಲಾಗದು.

ಕೆಲಸಗಾರರ ಚಿತ್ರಣವೂ ಹೀಗೆಯೇ ಒಮ್ಮುಖವಾಗಿದೆ. ಗಾರೆಯವರಿಗೆ ತಿಂಗಳಿಗೆ 45 ರೂಪಾಯಿ, ಸಾಮಾನ್ಯ ಕೂಲಿಗೆ 12. ಕೂಲಿಗಳು ಹೆಚ್ಚಿನ ಸಂಬಳಕ್ಕಾಗಿ ಗಾರೆಯವರೆಂದು ಸುಳ್ಳು ಹೇಳಿದರೆಂದು ಲೇಖಕನು ಕೋಪಗೊಳ್ಳುತ್ತಾನೆ. ಕಡಲು ದಾಟಿ ಬಂದು ಸಾವಿನ ಮಗ್ಗುಲಲ್ಲಿ ಮಲಗುವವನಿಗೆ 12 ರೂಪಾಯಿ ಸಾಕೇ ಎಂಬ ಪ್ರಶ್ನೆ ಅವನಿಗೆ ಹೊಳೆಯುವುದಿಲ್ಲ. ಕೂಲಿಗಳು ಹಳಿಗಳ ಮೇಲೆ ಮಲಗಿ ರೈಲನ್ನು ತಡೆದು, ಅದನ್ನೇರಿ ಓಡಿಹೋದುದು ಅವನ ಕಣ್ಣಿಗೆ ಹೇಡಿತನ. ನಮಗೆ ಅದು ವಿವೇಕವಾಗಿಯೂ ಕಾಣಬಹುದು. ಒಬ್ಬ ಭಾರತೀಯನ ದೀರ್ಘವಾದ ಸ್ವಂತ ಮಾತು ಗ್ರಂಥದಲ್ಲಿ ಬರುವುದು ರೋಷನ್ ಎಂಬ ಮೇಸ್ತ್ರಿಯ ಹಿಂದೂಸ್ತಾನಿ ಪದ್ಯದ ಅನುವಾದವಾಗಿ. ಅದೂ ಲೇಖಕನ ಪ್ರಶಂಸೆ. ಆ ಕೃತಜ್ಞತೆ ನಿಜವಾದುದೇ ಇರಬಹುದು. ಆದರೆ ಕೃತಜ್ಞತೆಗೆ ಮಾತ್ರ ಎಡೆ ದೊರೆತು, ದೂರಿಗೆ ಎಡೆ ದೊರೆಯಲಿಲ್ಲವೆಂಬುದನ್ನು ವಿಮರ್ಶಕನು ಗಮನಿಸಬೇಕು.

ಸಿಂಹಗಳಿಗೂ ಈ ಗ್ರಂಥದಿಂದ ನ್ಯಾಯ ದೊರೆತಿಲ್ಲ. ಕೂಲಿಗಳು ಅವುಗಳನ್ನು ಪಿಶಾಚಿಗಳೆಂದು ನಂಬಿದ್ದರೆಂದು ಹೇಳುವ ಲೇಖಕನು ತಾನೂ ಆ ಭಾವವನ್ನೇ ಬೆಳೆಸುತ್ತಾನೆ. 1890ರ ದಶಕದಲ್ಲಿ ರಿಂಡರ್‌ಪೆಸ್ಟ್ ಪಿಡುಗು ಪೂರ್ವ ಆಫ್ರಿಕದ ದನಗಳನ್ನೂ ಕಾಡೆಮ್ಮೆಗಳನ್ನೂ ಅಳಿಸಿತ್ತು. ಮೊದಲ ಸಿಂಹದ ಕೋರೆಹಲ್ಲು ಮುರಿದು ಬುಡ ಕೀತಿತ್ತೆಂದು ತಲೆಬುರುಡೆಯ ಪರೀಕ್ಷೆಯಿಂದ ತಿಳಿದಿದೆ. ಮೂಳೆ ಮತ್ತು ಕೂದಲುಗಳ ರಾಸಾಯನಿಕ ಪರೀಕ್ಷೆಯಿಂದ 2009ರಲ್ಲಿ ವಿಜ್ಞಾನಿಗಳು ಎರಡೂ ಸೇರಿ ಸುಮಾರು 35 ಜನರನ್ನು ತಿಂದಿರಬಹುದೆಂದು ಅಂದಾಜು ಮಾಡಿದರು. ಕೊಂದದ್ದಕ್ಕೂ ತಿಂದದ್ದಕ್ಕೂ ಅಂತರವಿರುವುದರಿಂದ ಇದೂ ಕೊನೆಯ ಮಾತಲ್ಲ. 2024ರಲ್ಲಿ ಹಲ್ಲಿನ ಕುಳಿಗಳಲ್ಲಿ ಸಿಕ್ಕಿಕೊಂಡಿದ್ದ ಕೂದಲುಗಳಲ್ಲಿ ಮನುಷ್ಯನದರೊಡನೆ ಜಿರಾಫೆ, ಜೀಬ್ರಾ, ಓರಿಕ್ಸ್ ಮೊದಲಾದ ಪ್ರಾಣಿಗಳ ಗುರುತೂ ದೊರೆಯಿತು. ಪಿಶಾಚಿಗಳು ಹೀಗೆ ಮತ್ತೆ ಹಸಿದ ಮೃಗಗಳಾದವು.

ಬೇಟೆಗಾರನೊಬ್ಬನೇ ಕಥೆ ಹೇಳಿದರೆ ಒಂದು ನಾಡು ಹೇಗೆ ಉಳಿದವರ ಕೈತಪ್ಪುತ್ತದೆಂಬುದಕ್ಕೆ ತ್ಸಾವೋದ ಮುಂದಿನ ಚರಿತ್ರೆಯೇ ಸಾಕ್ಷಿ. 1948ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮಾರುದ್ದದ ಬಿಲ್ಲಿನಿಂದ ವಿಷದ ಬಾಣ ಹೂಡಿ ಆನೆಯನ್ನು ಬೇಟೆಯಾಡಿ ಬಾಳುತ್ತಿದ್ದ ವಾತಾ ಜನ 1950ರ ದಶಕದಲ್ಲಿ ಕಳ್ಳಬೇಟೆಗಾರರೆನಿಸಿ ಸೆರೆಮನೆ ಸೇರಿದರು. ಬಂದೂಕು ಹಿಡಿದ ಪರವೂರಿನವನ ಬೇಟೆಯಾದರೋ ವಿನೋದವೆನಿಸಿ ಗ್ರಂಥಸ್ಥವಾಯಿತು. ಆನೆಗಳನ್ನು ಉಳಿಸಬೇಕಾದುದು ಅಗತ್ಯವೇ. ಆದರೆ ಅದರ ಬೆಲೆಯನ್ನು ಯಾರು ತೆತ್ತರೆಂಬುದನ್ನು ಮರೆಯುವುದು ಅಗತ್ಯವಲ್ಲ.

ಪ್ಯಾಟರ್ಸನ್ನನ ಗ್ರಂಥವನ್ನು ತಿರಸ್ಕರಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಅವನು ದಾಖಲೆಯಿಲ್ಲವೆಂಬ ಸತ್ಯವನ್ನಾದರೂ ಬರೆದಿಟ್ಟನು. ನಮ್ಮ ಇಂದಿನ ಪ್ರಶ್ನೆಗಳು ಹುಟ್ಟುವುದು ಆ ವಾಕ್ಯದಿಂದಲೇ. ಇಂಥ ಕಥನಗಳನ್ನು ಕನ್ನಡಕ್ಕೆ ತರುವವರು ಬೇಟೆಯ ರೋಮಾಂಚದೊಡನೆ ಆ ವಾಕ್ಯವನ್ನೂ ಬಿಡದೆ ತರಲಿ ಎಂಬುದಷ್ಟೇ ನಮ್ಮ ಅಪೇಕ್ಷೆ.