ಬೇಗ ಹೋಗಿ, ಪೂರ್ವರಂಗ ಕೇಳಿ

ಡಿಜೆ ಕಲೆಯ ರುಚಿ ಹತ್ತಬೇಕೆಂದರೆ ಕಾರ್ಯಕ್ರಮಕ್ಕೆ ಬೇಗ ಹೋಗಿ. ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರಿರುವವರು ಬರುವುದು ತಡವಾಗಿ. ಹೊಸಬರಿಗೆ ಸಿಗುವುದು ಅದಕ್ಕೂ ಮೊದಲಿನ ಹೊತ್ತು, ಇನ್ನೂ ತುಂಬದ ಸಭಾಂಗಣ. ಇದಕ್ಕೆ ವಾರ್ಮ್‌ಅಪ್ ಎನ್ನುತ್ತಾರೆ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಕಟ್ಟಿ ಹುಡುಗರು ರಂಗಕ್ಕೆ ಪಳಗುತ್ತಾರಲ್ಲ, ಹಾಗೆಯೇ ಇದು. ಹೌಸ್ ಸಂಗೀತವಾದರೆ ನಿಮಿಷಕ್ಕೆ 118–120 ಬಡಿತದ, ಹಾಡುಗಾರಿಕೆ ಕಡಿಮೆಯಿರುವ ಟ್ರ್ಯಾಕುಗಳಿಂದ ಶುರು ಮಾಡಿ, ಮಾತಾಡುತ್ತ ನಿಂತವರ ಭುಜ ತಾನಾಗಿ ಅಲುಗುವಂತೆ ಮಾಡಬೇಕು. ಎಲ್ಲರೂ ಬಲ್ಲ ಹಾಡುಗಳನ್ನು ಮುಂದೆ ಬರುವವರಿಗೆ ಬಿಡಬೇಕು. ಆರಂಭದಲ್ಲೇ 128ಕ್ಕೆ ಏರಿಸಿದವರಿಗೆ ಚಪ್ಪಾಳೆ ಸಿಕ್ಕೀತು, ಎರಡನೇ ಕರೆ ಬರುವುದು ಕಷ್ಟ. ಬೆಂಗಳೂರಾಗಲಿ ಬರ್ಲಿನ್ನಾಗಲಿ, ಊರಿನ ಹಿರಿಯ ಡಿಜೆಗಳು ಹೊಸಬರನ್ನು ಅಳೆಯುವುದು ಈ ಸಂಯಮದಿಂದ.

ಇನ್ನು ಕಿವಿಯ ಕೆಲಸ. ಒಂದು ಹಾಡು ಇನ್ನೊಂದಕ್ಕೆ ಸೇರುವ ಜಾಗವನ್ನು ಹಿಡಿಯಿರಿ. ಹೆಡ್‌ಫೋನಿನಲ್ಲಿ ಒಂದು ಕಿವಿಗೆ ಮುಂದಿನ ಹಾಡು, ಇನ್ನೊಂದಕ್ಕೆ ಈಗ ನಡೆಯುತ್ತಿರುವುದು. ಎರಡರ ವೇಗವನ್ನೂ ಕೈಯಿಂದಲೇ ಹೊಂದಿಸುವುದು ಹಳೆಯ ಪಾಠ. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಎಂಬ ರೆಕಾರ್ಡು ನುಡಿಸುವ ಯಂತ್ರದಲ್ಲಿ ವೇಗವನ್ನು ಶೇ. 8ರಷ್ಟು ಮೇಲೆ ಕೆಳಗೆ ಸರಿಸುವ ಪಟ್ಟಿಯಿತ್ತು. ಇವತ್ತು ಒಂದು ಗುಂಡಿ ಒತ್ತಿದರೆ ವೇಗ ಕೂಡುತ್ತದೆ. ಹಾಗಾಗಿ ಅದಕ್ಕೆ ತಲೆದೂಗಬೇಕಿಲ್ಲ. ಯಾವ ಗುಂಡಿಯೂ ಕಲಿಸದ ಎರಡು ಸಂಗತಿಗಳಿವೆ. ನೃತ್ಯಸಂಗೀತ ಸಾಮಾನ್ಯವಾಗಿ ನಾಲ್ಕು ಬಡಿತದ ಆವರ್ತಗಳಲ್ಲಿ ನಡೆದು, ಎಂಟೋ ಹದಿನಾರೋ ಆವರ್ತಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ಪಳಗಿದ ಕೈ ಹೊಸ ಹಾಡನ್ನು ಆ ತಿರುವಿನ ಮೊದಲ ಬಡಿತಕ್ಕೇ ಎತ್ತಿಕೊಳ್ಳುತ್ತದೆ. ಇನ್ನೊಂದು ಬೇಸ್. ಎರಡು ಹಾಡುಗಳ ಬೇಸ್ ಒಟ್ಟಿಗೆ ಮೊಳಗಿದರೆ ಎಲ್ಲವೂ ಕಲಸಿಹೋಗುತ್ತದೆ. ಹಳೆಯದರ ಬೇಸ್ ಇಳಿಸಿ ಹೊಸದರದ್ದನ್ನು ಬಿಡುವ ಕ್ಷಣವೇ ಈ ಕಲೆಯ ಜೀವ. ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ಈ ವಿದ್ಯೆ ಶಾಲೆಗಳಿಲ್ಲದೆ ಬೆಳೆದ ಬಗೆಯನ್ನು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನೋಡಬೇಕು. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂದ 1520ನೇ ಕಟ್ಟಡದಲ್ಲಿ ತಂಗಿ ಏರ್ಪಡಿಸಿದ್ದ ಪಾರ್ಟಿಯಲ್ಲಿ ಜಮೈಕಾ ಮೂಲದ ಕೂಲ್ ಹರ್ಕ್ ರೆಕಾರ್ಡು ನುಡಿಸಿದರು. ಹಾಡು ನಿಂತು ಬರೀ ತಾಳ ಉಳಿಯುವ ತುಣುಕಿಗೇ ಜನ ಹೆಚ್ಚು ಕುಣಿಯುತ್ತಾರೆಂದು ಕಂಡುಕೊಂಡವರು ಅವರು. ಅದನ್ನು ಹಿಗ್ಗಿಸಲು ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಬಳಸಿದರು. ಬೇರೆಯವರು ಕದಿಯದಿರಲೆಂದು ರೆಕಾರ್ಡಿನ ಲೇಬಲ್ಲುಗಳನ್ನು ನೀರಿನಲ್ಲಿ ನೆನೆಸಿ ಕಿತ್ತರು. ಕಲಿಯುವವರು ಕಿವಿಯಲ್ಲೇ ಪತ್ತೆ ಹಚ್ಚಬೇಕಿತ್ತು.

ಹಾಗೆ ಕಲಿತವರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಒಬ್ಬರು. ಎಲೆಕ್ಟ್ರಾನಿಕ್ಸ್ ಓದಿದ್ದ ಈ ಹುಡುಗ, ಜನಕ್ಕೆ ಕೇಳಿಸುವ ಮೊದಲು ತನಗೊಬ್ಬನಿಗೇ ಹಾಡು ಕೇಳಿಸುವ ಸ್ವಿಚ್ಚನ್ನು ಸ್ವತಃ ಜೋಡಿಸಿದ. ತುಣುಕು ಎಲ್ಲಿ ಶುರುವಾಗುತ್ತದೆಂದು ರೆಕಾರ್ಡಿನ ಮೇಲೆ ಕ್ರೇಯಾನಿನಿಂದ ಗೆರೆ ಎಳೆದ. ತಾಳ ಎಲ್ಲೂ ಕಡಿಯದಂತೆ ಸಾಧಿಸಿ, ಜನ ಹುಚ್ಚೆದ್ದು ಕುಣಿಯುತ್ತಾರೆಂದು ನಂಬಿ ಹೊರಗೆ ನುಡಿಸಿದ. ಜನ ಕುಣಿಯಲಿಲ್ಲ, ಸುಮ್ಮನೆ ನೋಡುತ್ತ ನಿಂತರು. ಆಗ ತಾವು ಅತ್ತದ್ದನ್ನು ಫ್ಲ್ಯಾಶ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆಮೇಲೆ ಮೈಕಿಗೆ ಮಾತುಗಾರರನ್ನು ಕರೆತಂದರು, ಜನ ಕುಣಿದರು. ಡಿಜೆ ವಿದ್ಯೆಯ ಇತಿಹಾಸದಲ್ಲಿ ನನಗೆ ಬಹಳ ಬೇಕಾದ ಘಟನೆ ಇದು. ಕೈಚಳಕ ಪರಿಪೂರ್ಣವಾಗಿದ್ದರೂ ಊರು ಒಪ್ಪಲು ಅದೊಂದೇ ಸಾಲಲಿಲ್ಲ.

ಆದ್ದರಿಂದ ಹೊಸಬರನ್ನು ಕೇಳುವಾಗ ಅವರ ಕಣ್ಣನ್ನೂ ನೋಡಿ. ಪರದೆಗೇ ಅಂಟಿಕೊಂಡಿದೆಯೋ, ಎರಡು ಹಾಡಿಗೊಮ್ಮೆಯಾದರೂ ಜನರ ಕಾಲುಗಳತ್ತ ಹೊರಳುತ್ತದೆಯೋ? ಖಾಲಿಯಾಗುತ್ತಿರುವ ಮೂಲೆ ಕಂಡು, ಮೊದಲೇ ಗೊತ್ತುಮಾಡಿಕೊಂಡಿದ್ದ ಹಾಡನ್ನು ಬಿಟ್ಟು ಬೇರೆಯದನ್ನು ಆರಿಸಿದರೆ ಅದು ಬೆಳೆಯುವ ಡಿಜೆಯ ಲಕ್ಷಣ. ಒಂದು ಜೋಡಣೆ ಜಾರಿದರೂ ಚಿಂತೆಯಿಲ್ಲ, ಜಾರಿದ್ದನ್ನು ಎಷ್ಟು ಬೇಗ ಎತ್ತಿದರೆಂಬುದನ್ನು ಗಮನಿಸಿ. ಮುಂದಿನವರು ಬಂದಾಗ, ಅವರು ಹೊಸ ಹಾಡು ಸೇರಿಸಿಕೊಳ್ಳಲು ಅನುಕೂಲವಾಗುವಂತೆ ಬರೀ ತಾಳವಿರುವ ಉದ್ದನೆಯ ಕೊನೆಭಾಗದ ಟ್ರ್ಯಾಕೊಂದನ್ನು ಬಿಟ್ಟುಹೋದರೆ, ಆ ಹೆಸರನ್ನು ಬರೆದಿಟ್ಟುಕೊಂಡು ಅವರ ಮುಂದಿನ ಕಾರ್ಯಕ್ರಮಕ್ಕೂ ಹೋಗಿ.